ಡೀಸೆಲ್ ಚೆಲ್ಲಿದ ಎರೆಮಣ್ಣಿಗೆ ತೊಗರಿ ಹೊಟ್ಟು

ಪ್ರಶ್ನೆ: ಎಂಜಿನ್ ಪಂಪಿನ ಪಕ್ಕದಲ್ಲಿದ್ದ ಕ್ಯಾನ್ ಉರುಳಿ ಸುಮಾರು 10 ಲೀಟರ್ ಡೀಸೆಲ್ ಎರೆಮಣ್ಣಿಗೆ ಇಳಿದಿದೆ. ತೊಗರಿ ಹೊಟ್ಟು ಬೆರೆಸಿದರೆ ಸರಿಹೋಗುತ್ತದಂತೆ, ನಿಜವೇ?
– ಓದುಗರು, ಅಫಜಲಪುರ ತಾಲ್ಲೂಕು

ಉತ್ತರ: ಬರೀ ಹೊಟ್ಟಿನಿಂದ ಆಗದು. ಡೀಸೆಲ್ ತಿನ್ನುವುದು ಮಣ್ಣಿನಲ್ಲೇ ಇರುವ ಸೂಕ್ಷ್ಮಜೀವಿಗಳು. ಅವಕ್ಕೆ ಗಾಳಿ, ತೇವ, ಸಾರಜನಕ ಮೂರೂ ಬೇಕು. ಎರೆಮಣ್ಣು ನೆಂದರೆ ಬಿಗಿದುಕೊಂಡು ಗಾಳಿ ಬಿಡುವುದಿಲ್ಲ. ಅದನ್ನು ಸಡಿಲವಾಗಿಡುವುದಷ್ಟೇ ಹೊಟ್ಟಿನ ಕೆಲಸ.

ವಾಸನೆ ಇರುವಷ್ಟು ಆಳ ಅಗೆದು, ಬಾವಿ ಹಳ್ಳಗಳಿಂದ ದೂರ ತಾಡಪತ್ರಿ ಮೇಲೆ ಹರಡಿ. ಹತ್ತಿರ ಬೀಡಿ, ಬೆಂಕಿ ಬೇಡ. ಹೆಂಟೆ ಪುಡಿ ಮಾಡಿ. ಗಟ್ಟಿ ಹೆಂಟೆಯೊಳಗಿನ ಡೀಸೆಲ್ ಹಾಗೇ ಉಳಿಯುತ್ತದೆ. ನಾಲ್ಕು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಹೊಟ್ಟು, ಅರ್ಧ ಬುಟ್ಟಿ ಕಳಿತ ತಿಪ್ಪೆಗೊಬ್ಬರ. ಹೊಟ್ಟು ದನಕ್ಕೆ ಬೇಕೆಂದರೆ ಕತ್ತರಿಸಿದ ಹಳೆ ಕಣಿಕೆಯೂ (ಜೋಳದ ಒಣ ದಂಟು) ಆದೀತು. ಒಂದಡಿಗಿಂತ ಎತ್ತರ ಬೇಡ.

ಬಹಳಷ್ಟು ಕಡೆ ಕೆಲಸ ಕೆಡುವುದು ಸಾರಜನಕ ಸಾಲದೆ. 10 ಲೀಟರ್ ಡೀಸೆಲಿನಲ್ಲಿ ಸುಮಾರು 7 ಕಿಲೋ ಇಂಗಾಲ ಇರುತ್ತದೆ. 100 ಪಾಲು ಇಂಗಾಲಕ್ಕೆ 10 ಸಾರಜನಕ, 1 ರಂಜಕದ ಲೆಕ್ಕ ಹಿಡಿದರೆ ಸಾರಜನಕಕ್ಕೆ ಯೂರಿಯಾ ಒಂದೂವರೆ ಕಿಲೋ, ರಂಜಕಕ್ಕೆ ಡಿಎಪಿ ಗೊಬ್ಬರ 350 ಗ್ರಾಂ. ಕೊಳೆಯುವ ಹೊಟ್ಟೂ ಸಾರಜನಕ ಎಳೆದುಕೊಳ್ಳುವುದರಿಂದ ತಿಪ್ಪೆಗೊಬ್ಬರ ಬಿಡಬೇಡಿ. ಯೂರಿಯಾ ಒಮ್ಮೆಗೇ ಸುರಿದರೆ ನಮ್ಮ ಕ್ಷಾರ ಮಣ್ಣಿನಲ್ಲಿ ಒಂದಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ. ನೀರಲ್ಲಿ ಕರಗಿಸಿ, 15 ದಿನಕ್ಕೊಂದರಂತೆ ನಾಲ್ಕು ಕಂತಲ್ಲಿ ಕೊಡಿ.

ಹಿಡಿ ಮಣ್ಣು ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು. ವಾರಕ್ಕೊಮ್ಮೆ ಸಲಿಕೆಯಿಂದ ತಿರುವಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದೇ ಅರ್ಥ. ಒಣ ಹೊಟ್ಟು ಸೇರಿಸಿ, ತಿರುವಿ. ಏಪ್ರಿಲ್–ಮೇ ಬಿಸಿಲಿಗೆ ಮೇಲೆ ಕಣಿಕೆ ಹಾಸಿ, ಮಳೆಗಾಲದಲ್ಲಿ ಸುತ್ತ ಒಡ್ಡು ಹಾಕಿ. ದನ ಬಾಯಿ ಹಾಕದಂತೆ ಬೇಲಿ ಇರಲಿ. ಸೋಪಿನ ಪುಡಿ ಹಾಕಿ ತೊಳೆಯುವುದಂತೂ ಬೇಡ, ಡೀಸೆಲ್ ಇನ್ನೂ ಕೆಳಕ್ಕೆ ಇಳಿಯುತ್ತದೆ.

ಇದು ತಿಂಗಳುಗಳ ಕೆಲಸ. ವಾಸನೆ ಹೋಯಿತೆಂದು ನಂಬಬೇಡಿ: ಹಗುರ ಅಂಶ ಮೊದಲು ಹಾರುತ್ತದೆ, ಭಾರದ್ದು ಉಳಿಯುತ್ತದೆ. ಈ ಮಣ್ಣಿನ ಕುಂಡದಲ್ಲಿ 20 ಜೋಳದ ಕಾಳು, ಒಳ್ಳೆ ಮಣ್ಣಿನಲ್ಲಿ 20 ಕಾಳು ಹಾಕಿ ನೋಡಿ. ಮೊಳಕೆ ಸರಿಸಮ ಬಂದರೆ ದಾರಿ ಸರಿ. ಆದರೂ ತರಕಾರಿ ಹಾಕುವ ಮುನ್ನ ಪ್ರಯೋಗಾಲಯದಲ್ಲಿ ತೈಲಾಂಶ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಟ್ರ್ಯಾಕ್ಟರ್ ಗ್ಯಾರೇಜಿನ ಸುಟ್ಟ ಆಯಿಲ್ ಬಿದ್ದ ನೆಲಕ್ಕೂ ಇದೇ ನಡೆದೀತೇ?
– ಓದುಗರು, ಬೀದರ್

ಉತ್ತರ: ಅರ್ಧ ಮಾತ್ರ. ಎಣ್ಣೆ ನಿಧಾನವಾಗಿ ಕರಗೀತು, ಎಂಜಿನ್ ಸವೆದು ಬಂದ ಲೋಹಗಳನ್ನು ಯಾವ ಜೀವಿಯೂ ತಿನ್ನದು. ಆ ಮಣ್ಣನ್ನು ಹೊಲಕ್ಕೆ ಹಾಕಬೇಡಿ. ಸುಟ್ಟ ಆಯಿಲ್ ಕೇಂದ್ರದ 2016ರ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ; ಇನ್ನು ಮುಂದೆ ಬ್ಯಾರೆಲ್‌ನಲ್ಲಿ ಹಿಡಿದು ಪರವಾನಗಿ ಇರುವ ಮರುಬಳಕೆದಾರರಿಗೇ ಕೊಡಿ.