ಫಿಟ್ಸ್ ಇರುವ ತಂಗಿಗೆ ಡಿಗ್ರಿ ಓದಲು ಸ್ಕಾಲರ್‌ಶಿಪ್ ಸಿಗುತ್ತಾ?

ನೀವು ಕೇಳಿದ್ದು ಇಷ್ಟು: ತಂಗಿಗೆ ಏಳನೇ ಕ್ಲಾಸಿನಿಂದ ಫಿಟ್ಸ್ ಇದೆ. ಈ ವರ್ಷ ಜಗಳೂರು ಕಡೆಯಿಂದ ದಾವಣಗೆರೆಗೆ ಬಂದು ಬಿ.ಎಸ್ಸಿ ಸೇರಿದ್ದಾಳೆ. ಮನೆಗೆ ನಾಲ್ಕು ಎಕರೆ ಮೆಕ್ಕೆಜೋಳದ ಹೊಲ. ಮೂರ್ಛೆ ರೋಗದವರಿಗೆ ಅಂತ ಸ್ಕಾಲರ್‌ಶಿಪ್ ಏನಾದರೂ ಇದೆಯಾ?

ಸರ್ಕಾರದ ಸ್ಕಾಲರ್‌ಶಿಪ್ ಫಿಟ್ಸ್ ಹೆಸರಿನಲ್ಲಿ ಸಿಗುವುದಿಲ್ಲ. ಬೇರೆ ಹೆಸರಿನಲ್ಲಿ ಸಿಗುತ್ತದೆ. ನನಗೂ ಫಿಟ್ಸ್ ಇದೆ. ವಿದ್ಯಾನಗರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಹುಡುಗರ ಆನ್‌ಲೈನ್ ಅರ್ಜಿ ತುಂಬುವುದೇ ನನ್ನ ಕೆಲಸ. ಹಾಗಾಗಿ ಎರಡೂ ಕಡೆಯ ಕಷ್ಟ ಗೊತ್ತು.

ಗೂಗಲ್ ಮಾಡಿದರೆ ಬರುವುದು ಜಾಸ್ತಿ ಅಮೆರಿಕದ್ದು. ಯುಸಿಬಿ ಅಂತ ಒಂದು ಔಷಧ ಕಂಪನಿ ಅಲ್ಲಿ ಫಿಟ್ಸ್ ಇರುವವರಿಗೆ ಓದಲು ದುಡ್ಡು ಕೊಡುತ್ತಾ ಬಂದಿದೆ. ಅದು ಆ ದೇಶದಲ್ಲಿ ಇರುವವರಿಗೆ ಮಾತ್ರ, ಸುಮ್ನೆ ಫಾರಂ ಪ್ರಿಂಟ್ ಹಾಕಿಸಬೇಡಿ.

ನಮ್ಮಲ್ಲಿ ಯಾಕಿಲ್ಲ ಅಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ. ಪಾರ್ಕಿನ್ಸನ್ ಇದೆ, ಹಿಮೋಫಿಲಿಯಾ ಇದೆ, ಅಪಸ್ಮಾರ ಅಂದರೆ ಫಿಟ್ಸ್ ಇಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಕೊಡುವುದಿಲ್ಲ. ಇದು ತಿಳಿಯದೆ ನಾನು ಡಿಗ್ರಿಯ ಮೊದಲ ವರ್ಷ ಪೂರ್ತಿ ಓಡಾಡಿದೆ. ಹಳದಿ ಕವರಿನಲ್ಲಿ ಇಇಜಿ ರಿಪೋರ್ಟು, ಎಂಆರ್‌ಐ ಫಿಲ್ಮು ಹಿಡಿದುಕೊಂಡು ಅಂಗವಿಕಲರ ಸರ್ಟಿಫಿಕೇಟಿಗಾಗಿ ಆರು ಸಲ ಕ್ಯೂ ನಿಂತೆ. ಆರನೇ ಸಲ ಒಬ್ಬ ಡಾಕ್ಟರು ಕವರ್ ತೆಗೆಯದೇ ‘ಕೈಕಾಲು ಸರಿ ಇದೆಯಲ್ಲಪ್ಪಾ, ಇದಕ್ಕೆ ಪರ್ಸೆಂಟ್ ಎಲ್ಲಿಂದ ಹಾಕಲಿ?’ ಅಂದರು. ಬೇಜಾರಾಯಿತು. ಆದರೆ ಮೊದಲನೇ ಸಲವೇ ಯಾರಾದರೂ ಹೀಗೆ ಹೇಳಿದ್ದರೆ ಬಸ್ ಚಾರ್ಜಾದರೂ ಉಳಿಯುತ್ತಿತ್ತು. ಅಷ್ಟರಲ್ಲಿ ಆ ವರ್ಷದ ಮಾಮೂಲಿ ಸ್ಕಾಲರ್‌ಶಿಪ್ಪಿನ ಕೊನೆಯ ದಿನವೂ ಮುಗಿದಿತ್ತು.

ಒಂದು ಮಾತು. ಫಿಟ್ಸ್ ಜೊತೆಗೆ ಕೈಕಾಲಿನ ಶಕ್ತಿ ಕಡಿಮೆ ಇದ್ದರೆ, ಅಥವಾ ಕಲಿಕೆಯ ತೊಂದರೆ ಇದ್ದರೆ, ಅದನ್ನು ಬೇರೆಯಾಗಿ ಅಳೆಯುತ್ತಾರೆ. ಅದು 40 ಪರ್ಸೆಂಟ್ ದಾಟಿ, ಮನೆಯ ಆದಾಯ ವರ್ಷಕ್ಕೆ 2.5 ಲಕ್ಷದ ಒಳಗಿದ್ದರೆ ಕೇಂದ್ರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎನ್‌ಎಸ್‌ಪಿಯಲ್ಲಿ ಅಂಗವಿಕಲರ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿಗೆ ಹಾಕಬಹುದು. ಬರೀ ಫಿಟ್ಸ್ ಆದರೆ ಆ ದಾರಿ ಬಿಡಿ.

ನಿಮ್ಮ ತಂಗಿ ರೈತರ ಮಗಳು, ಅದನ್ನು ಹಿಡಿಯಿರಿ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎಸ್ಸಿ ಓದುವ ಹುಡುಗಿಗೆ ವರ್ಷಕ್ಕೆ 5,500 ರೂಪಾಯಿ ಇಟ್ಟಿದ್ದಾರೆ. ಹುಡುಗರಿಗೆ 5,000. ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಕೊಡುವ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಬೇಕು. ಹಿಂದುಳಿದ ವರ್ಗದವರಾಗಿ ಹಾಸ್ಟೆಲ್ ಸೀಟು ಸಿಗದಿದ್ದರೆ ವಿದ್ಯಾಸಿರಿ ನೋಡಿ, ಊಟ-ವಸತಿಗೆ ಅಂತ ಹತ್ತು ತಿಂಗಳು ದುಡ್ಡು ಕೊಡುತ್ತಾರೆ. ಅರ್ಜಿ ಹಾಕುವುದು ರಾಜ್ಯದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎಸ್‌ಎಸ್‌ಪಿಯಲ್ಲಿ. ಜಾತಿ-ಆದಾಯ ಸರ್ಟಿಫಿಕೇಟಿನ ಮೇಲಿರುವ ಆರ್‌ಡಿ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಸರ್ಕಾರದ ದುಡ್ಡು ಆ ಖಾತೆಗೇ ಬರುವಂತೆ ಜೋಡಿಸುವುದು) ಆಗಿದೆಯಾ ಅಂತ ಬ್ಯಾಂಕಿಗೇ ಹೋಗಿ ಕೇಳಿ. ನಮ್ಮ ಅಂಗಡಿಗೆ ‘ಸ್ಯಾಂಕ್ಷನ್ ಅಂತ ತೋರಿಸ್ತಿದೆ, ದುಡ್ಡು ಬಂದಿಲ್ಲ’ ಅಂತ ಬರುವವರಲ್ಲಿ ಮುಕ್ಕಾಲು ಜನರದ್ದು ಇದೇ ಕಥೆ.

ಕೊನೆಯ ವಾರದವರೆಗೆ ಮಾತ್ರ ಕಾಯಬೇಡಿ. ಇದನ್ನು ಅಂಗಡಿಯವನಾಗಿ ಅಲ್ಲ, ಫಿಟ್ಸ್ ಇರುವವನಾಗಿ ಹೇಳುತ್ತಿದ್ದೇನೆ. ಎರಡನೇ ವರ್ಷ ಹಗಲು ಸರ್ವರ್ ಸಿಗಲಿಲ್ಲ ಅಂತ ರಾತ್ರಿ ಎರಡೂವರೆವರೆಗೆ ಕೂತೆ. ಓಟಿಪಿ ಬರುತ್ತದೆ, ಹೊಡೆಯುವಷ್ಟರಲ್ಲಿ ಪೇಜ್ ಹೋಗುತ್ತದೆ. ಆ ಗಲಾಟೆಯಲ್ಲಿ ರಾತ್ರಿಯ ಮಾತ್ರೆ ಮರೆತೆ. ಬೆಳಿಗ್ಗೆ ರೂಮಿನ ಹೊರಗೆ ನಲ್ಲಿ ಹತ್ತಿರ ಬಿದ್ದಿದ್ದೆ. ಎಚ್ಚರವಾದಾಗ ತುಟಿ ಒಡೆದಿತ್ತು, ಕೈಯಲ್ಲಿ ಯಾರೋ ತುರುಕಿದ ಬೀಗದ ಕೈ ಗೊಂಚಲು. ನಿದ್ದೆಗೆಟ್ಟರೆ, ಮಾತ್ರೆ ತಪ್ಪಿದರೆ ಫಿಟ್ಸ್ ಬರುವುದು ಜಾಸ್ತಿ, ನಾನು ಎರಡನ್ನೂ ಒಂದೇ ರಾತ್ರಿ ಮಾಡಿದ್ದೆ.

ಆದ್ದರಿಂದ ತಂಗಿಯ ರೂಂಮೇಟಿಗೆ ವಿಷಯ ಹೇಳಿಬಿಡಿ, ಮುಚ್ಚಿಡಬೇಡಿ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನೂ ಇಡಬಾರದು, ಕಬ್ಬಿಣ ಹಿಡಿಸುವುದರಿಂದ ಏನೂ ಆಗುವುದಿಲ್ಲ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್. ಮಾತ್ರೆಯ ಖರ್ಚು ಜಾಸ್ತಿ ಅನ್ನಿಸಿದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಆದರೆ ಡಾಕ್ಟರನ್ನು ಕೇಳದೆ ಕಂಪನಿ ಬದಲಿಸಬೇಡಿ.

ಈಗ ನೀವು ಹೇಳಿ, ಹೊಲ ಯಾರ ಹೆಸರಿನಲ್ಲಿದೆ? ರೈತ ವಿದ್ಯಾನಿಧಿಗೆ ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿ ಇರಬೇಕು. ಪಹಣಿಯಲ್ಲಿ ಇನ್ನೂ ತೀರಿಕೊಂಡ ಅಜ್ಜನ ಹೆಸರೇ ಇದ್ದರೆ ಇವತ್ತೇ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅರ್ಜಿ ಕೊಡಿ, ಸ್ಕಾಲರ್‌ಶಿಪ್ ಆಮೇಲೆ ನೋಡೋಣ.