ಕಾಲಂ ಸೇರಿಸಿದ ದಿನದಿಂದ ಶುರು ಮಾಡಿ

ನಮಸ್ಕಾರ.

ಕಾಸರಗೋಡಿನ ನಿಮ್ಮ ಸಹಕಾರಿ ಸಂಘದ ಡೇಟಾಬೇಸನ್ನು ಕ್ಲೌಡಿಗೆ ಸಾಗಿಸಿದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ.

ಮೊದಲ ಅರ್ಧ ಬರೀ ಕ್ಲೌಡಿನ ಗುಣಗಾನ. ತೆಗೆದುಬಿಡಿ. ರೆಪ್ಲಿಕೇಶನ್‌ಗೆ, ಅಂದರೆ ಮೂಲ ಡೇಟಾಬೇಸಿನ ಬದಲಾವಣೆಗಳು ಕ್ಲೌಡಿನ ಪ್ರತಿಗೂ ಹೋಗುತ್ತಿರುವ ವ್ಯವಸ್ಥೆಗೆ, ಕೊಟ್ಟ ಚಂದ್ರಗಿರಿ ಹೊಳೆಯ ಹೋಲಿಕೆಯೂ ಬೇಡ. ಹೊಳೆ ಅಡ್ಡ ಬಂದ ಕಲ್ಲನ್ನು ಬಳಸಿಕೊಂಡು ಹರಿಯುತ್ತದೆ. ರೆಪ್ಲಿಕೇಶನ್ ಒಂದು ಸಾಲು ಹೊಂದದಿದ್ದರೂ ನಿಂತುಬಿಡುತ್ತದೆ. ನಿಮ್ಮ ಲೇಖನದ ಜೀವ ಇರುವುದೇ ಅಲ್ಲಿ. ಸದಸ್ಯರ ಹೆಸರು ಮಲಯಾಳದಲ್ಲಿ ಮಾತ್ರ ಇತ್ತು. ಕನ್ನಡದಲ್ಲೂ ಇರಲಿ ಎಂದು ಒಂದು ಕಾಲಂ ಸೇರಿಸಿದಿರಿ. ಆಮೇಲೆ ಒಬ್ಬ ಸದಸ್ಯರ ವಿವರ ತಿದ್ದಿದ್ದೇ ತಡ, ಕ್ಲೌಡಿನ ಪ್ರತಿಗೆ ಅಡಿಕೆ ಖರೀದಿಯ ಲೆಕ್ಕ ಬರುವುದೂ ನಿಂತಿತು. ಎಂಥ ಒಳ್ಳೆಯ ವಿಷಯ! ಅದನ್ನು ಕೊನೆಗೆ ನಾಲ್ಕು ಸಾಲಲ್ಲಿ ಮುಗಿಸಿದ್ದೀರಲ್ಲ?

ಅಲ್ಲೊಂದು ತಪ್ಪೂ ಇದೆ. ಮೂಲದಲ್ಲಿ ಸೇರಿಸಿದ ಕಾಲಂ ಪ್ರತಿಗೂ ತಾನಾಗಿ ಹೋಗಬೇಕಿತ್ತು ಎಂದಿದ್ದೀರಿ. ನೀವು ಬಳಸಿದ್ದು ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನ ಲಾಜಿಕಲ್ ರೆಪ್ಲಿಕೇಶನ್. ಅದರಲ್ಲಿ ಹೋಗುವುದು ಸಾಲುಗಳು, ಟೇಬಲಿನ ರಚನೆ ಅಲ್ಲ. ಹಾಗಾಗಿ ಕಾಲಂ ಸೇರಿಸುವಾಗ ಮೊದಲು ಪ್ರತಿಯಲ್ಲಿ, ಆಮೇಲೆ ಮೂಲದಲ್ಲಿ. ತೆಗೆಯುವಾಗ ಉಲ್ಟಾ. ಪ್ರತಿಯಲ್ಲಿ ಸೇರಿಸಿದ ಕಾಲಂ ಖಾಲಿ ಇರಲು ಬಿಡಬೇಕು, ಇಲ್ಲವೇ ತಾನಾಗಿ ತುಂಬುವ ಡಿಫಾಲ್ಟ್ ಮೌಲ್ಯ ಕೊಡಬೇಕು. ಇಲ್ಲದಿದ್ದರೆ ಆ ಕಾಲಂ ಇಲ್ಲದ ಹೊಸ ಸಾಲು ಬಂದ ಕೂಡಲೇ ಎರರ್. ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನ ಸ್ವಂತ ರೆಪ್ಲಿಕೇಶನ್‌ನಲ್ಲಿ ಟೇಬಲಿನ ರಚನೆ ಬದಲಿಸುವ ಆಲ್ಟರ್ ಟೇಬಲ್ ಆದೇಶ ಕೂಡ ಬೈನರಿ ಲಾಗ್ ಎಂಬ ಬದಲಾವಣೆಗಳ ದಾಖಲೆಯ ಮೂಲಕ ಪ್ರತಿಗೆ ಹೋಗುತ್ತದೆ. ನಿಮಗೆ ಗೊಂದಲ ಆಗಿದ್ದು ಅದರಿಂದಲೇ ಇರಬೇಕು. ಓದುಗರಿಗೂ ಆಗುತ್ತದೆ, ಅದಕ್ಕೇ ಈ ವ್ಯತ್ಯಾಸ ಬಿಡಿಸಿ ಹೇಳಿ.

ಇನ್ನೊಂದು ಅಪಾಯವನ್ನು ನೀವು ಮುಟ್ಟಿಯೇ ಇಲ್ಲ. ಪ್ರತಿ ನಿಂತಾಗ ಮೂಲಕ್ಕೆ ಏನೂ ಆಗುವುದಿಲ್ಲ ಅಂದುಕೊಳ್ಳುವವರೇ ಜಾಸ್ತಿ. ಆದರೆ ರೆಪ್ಲಿಕೇಶನ್ ಸ್ಲಾಟ್, ಅಂದರೆ ಪ್ರತಿ ಎಲ್ಲಿವರೆಗೆ ಪಡೆದಿದೆ ಎಂದು ಮೂಲ ಇಟ್ಟುಕೊಳ್ಳುವ ಗುರುತು, ಪ್ರತಿ ಇನ್ನೂ ಪಡೆಯದ ಬದಲಾವಣೆಗಳ ಲಾಗನ್ನೆಲ್ಲ ಮೂಲದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಡಿಸ್ಕ್ ತುಂಬಿದರೆ ಸಂಘದ ಕೌಂಟರಿನ ಕೆಲಸವೇ ನಿಲ್ಲುತ್ತದೆ, ಅಲ್ವಾ? ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ ಮಿತಿ ಹಾಕಬಹುದು. ಮಿತಿ ದಾಟಿ ಬೇಕಾದ ಲಾಗ್ ಅಳಿಸಿಹೋದರೆ ಮಾತ್ರ ಪ್ರತಿಗೆ ಡೇಟಾವನ್ನು ಮೊದಲಿಂದ ತುಂಬಿಸಬೇಕಾಗುತ್ತದೆ.

ಕಾಲಂ ಸೇರಿಸಿದ ದಿನದಿಂದಲೇ ಶುರು ಮಾಡಿ ಇನ್ನೊಮ್ಮೆ ಬರೆಯಿರಿ. ಎರರ್ ಲಾಗಿನಲ್ಲಿ ಏನು ಕಂಡಿತು, ಲೆಕ್ಕ ಬರುತ್ತಿಲ್ಲ ಎಂದು ಮೊದಲು ಗಮನಿಸಿದವರು ಯಾರು, ಅಷ್ಟರಲ್ಲಿ ಡಿಸ್ಕ್ ಎಷ್ಟು ತುಂಬಿತ್ತು, ಇದೆಲ್ಲ ಬೇಕು. ಸಂಘದ ಹೆಸರು ಬೇಡ. ಕಳಿಸಿದ ಕೂಡಲೇ ಓದುತ್ತೇನೆ.