ಮರು: ‘ರೀಡ್ ಫೇಲ್ಡ್’ ಅಂತ ಬಂದರೆ ಯಾವ ಸೆನ್ಸರ್ ಅಂತ ತಿಳಿಯುವುದು ಹೇಗೆ?

ಬದಿಯಡ್ಕದ ಅಡಿಕೆ ತೋಟದಲ್ಲಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಮೂರು ತೇವಾಂಶ ಸೆನ್ಸರ್ ಜೋಡಿಸಿ, ಅವನ್ನು ಓದುವ ಲಿನಕ್ಸ್ ಡ್ರೈವರನ್ನೂ ನೀವೇ ಬರೆದಿದ್ದೀರಿ, ಭಲೇ! ಕರ್ನಲ್ ಲಾಗ್ (ಲಿನಕ್ಸಿನ ತಿರುಳು ಬರೆದಿಡುವ ದಾಖಲೆ) ತುಂಬಾ ‘ರೀಡ್ ಫೇಲ್ಡ್’ (ಓದಲಾಗಲಿಲ್ಲ) ಅಂತ ಬರುತ್ತಿದೆ, ಎಚ್ಚರಿಕೆ ಕೊಡುವ ವಾರ್ನ್_ಆನ್ ಹಾಕಲಾ ಅಂತ ಕೇಳಿದ್ದೀರಿ.

ಬೇಡ ಮಾರಾಯ್ರೆ. ಅದು ಇರುವುದು ಕೋಡಿನದ್ದೇ ತಪ್ಪು ಹಿಡಿಯಲಿಕ್ಕೆ. ವಯರ್ ಸಡಿಲ ಆದದ್ದಕ್ಕೆಲ್ಲ ಉದ್ದದ ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಯಾಕೆ? ಪ್ಯಾನಿಕ್_ಆನ್_ವಾರ್ನ್ ಸೆಟ್ಟಿಂಗ್ ಆನ್ ಇದ್ದರಂತೂ ಇಡೀ ಸಿಸ್ಟಮ್ಮೇ ಬಿದ್ದುಹೋಗುತ್ತದೆ.

ಬರೀ ಪ್ರಿಂಟ್‌ಕೆ (ಲಾಗಿಗೆ ಸಂದೇಶ ಬರೆಯುವ ಸಾದಾ ಫಂಕ್ಷನ್) ತೆಗೆದು, ಡಿವೈಸಿಗಾಗಿಯೇ ಇರುವ ಡೆವ್_ವಾರ್ನ್ ಬಳಸಿ. ಡ್ರೈವರ್ ಮತ್ತು ಡಿವೈಸ್ ಹೆಸರು ತಾನಾಗಿ ಸೇರುತ್ತದೆ. ಐ2ಸಿ (ಎರಡೇ ತಂತಿಯಲ್ಲಿ ಹಲವು ಚಿಪ್ ಮಾತಾಡುವ ವಿಧಾನ) ಸೆನ್ಸರ್ ಆದರೆ ‘1-0048’ ಅಂತ ಕಾಣುತ್ತದೆ, ಅಂದರೆ 1ನೇ ಬಸ್ (ಆ ತಂತಿ ಜೋಡಿ), ವಿಳಾಸ ಹೆಕ್ಸ್ (16ರ ಎಣಿಕೆ) 48. ಯಾವ ಸೆನ್ಸರ್ ಅಂತ ಅಲ್ಲೇ ಗೊತ್ತಾಯ್ತಲ್ಲ! ಜೊತೆಗೆ ಸೆನ್ಸರಿನೊಳಗಿನ ಯಾವ ರಿಜಿಸ್ಟರ್ (ಮಾಹಿತಿ ಖಾನೆ) ಓದುತ್ತಿದ್ದಿರಿ, ಎರರ್ ಕೋಡ್ ಏನು ಅಂತಲೂ ಬರೆಯಿರಿ. ಸಂದೇಶ ಎಷ್ಟೇ ಉದ್ದವಾದರೂ ಕೋಡಿನಲ್ಲಿ ಎರಡು ಸಾಲಾಗಿ ಮುರಿಯಬೇಡಿ, ಆಮೇಲೆ ಗ್ರೆಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ.

ಸಾಲು ಜಾಸ್ತಿ ಆಗುತ್ತದೆ ಅಂತ ಸುಮ್ನೆ ಒಂದೇ ಸಲ ಬರೆಯುವ ಡೆವ್_ವಾರ್ನ್_ಒನ್ಸ್ ಹಾಕಬೇಡಿ. ಆ ‘ಒಂದೇ ಸಲ’ ಕೋಡಿನ ಆ ಜಾಗಕ್ಕೆ, ಸೆನ್ಸರಿಗೆ ಅಲ್ಲ. ಮೊದಲನೆಯದು ಕೆಟ್ಟ ಮೇಲೆ ಎರಡನೆಯದರ ಸುದ್ದಿಯೇ ಬರುವುದಿಲ್ಲ. ರೇಟ್‌ಲಿಮಿಟೆಡ್ ರೂಪ ವಾಸಿ, ಸಾಮಾನ್ಯವಾಗಿ 5 ಸೆಕೆಂಡಿಗೆ ಹೆಚ್ಚೆಂದರೆ 10 ಸಂದೇಶ ಬಿಡುತ್ತದೆ.

ಅಂದ ಹಾಗೆ, ಪೈಯಲ್ಲಿ ಎರರ್ ಕೋಡ್ -121 ಬಂದರೆ ಹೆಚ್ಚಾಗಿ ಸೆನ್ಸರ್ ಉತ್ತರವೇ ಕೊಡಲಿಲ್ಲ ಅಂತ ಅರ್ಥ. ನಮ್ಮ ಕಡೆಯ ಮಳೆಗೆ ಕನೆಕ್ಟರಿನೊಳಗೆ ನೀರು ಹೋಗಿದೆಯಾ, ಮೊದಲು ಅದನ್ನು ನೋಡಿ.